ಒಡೆದ ದನಿಯ ಬೆಡಗು

ಧ್ವನಿವರ್ಧಕವೆಂದೊಡನೆ ನಮ್ಮ ನೆನಪಿಗೆ ಬರುವುವು ಸಭೆ, ಮದುವೆ, ಚುನಾವಣೆ. ಅಲ್ಲಿ ಅದರಿಂದ ಬಯಸುವುದು ಒಂದೇ: ಆಡಿದ ಮಾತು ಇದ್ದಂತೆಯೇ, ಆದರೆ ದೊಡ್ಡದಾಗಿ, ಕೇಳಬೇಕು. ದನಿ ಒಡೆಯಿತೋ, ಮೈಕಿನವನಿಗೆ ಬೈಗುಳ ತಪ್ಪಿದ್ದಲ್ಲ. ವಿದ್ಯುತ್ ಗಿಟಾರಿನ ಲೋಕದಲ್ಲಿ ಈ ನ್ಯಾಯ ತಲೆಕೆಳಗು. ದನಿ ಎಷ್ಟು ಒಡೆಯಬೇಕು, ಹೇಗೆ ಒಡೆಯಬೇಕು ಎಂಬುದಕ್ಕಾಗಿಯೇ ಅಲ್ಲಿನ ಕುಶಲಿಗಳು ವರ್ಧಕದ ಹೊಟ್ಟೆಯನ್ನು ಬಿಚ್ಚಿ ಕುಳಿತಿರುತ್ತಾರೆ.

ಹಳೆಯ ರೇಡಿಯೋ ಪೆಟ್ಟಿಗೆಯ ಹಿಂಬದಿಯಲ್ಲಿ ನಸುಗೆಂಪಾಗಿ ಮಿನುಗುತ್ತಿದ್ದ ಗಾಜಿನ ವಾಲ್ವುಗಳನ್ನು ಹಿರಿಯರು ಬಲ್ಲರು. ರೇಡಿಯೋದಿಂದ ಅವು ಮರೆಯಾಗಿ ದಶಕಗಳೇ ಸಂದಿದ್ದರೂ ಗಿಟಾರ್ ವರ್ಧಕಗಳಲ್ಲಿ ಇಂದಿಗೂ ಬಾಳುತ್ತಿವೆ. ಇದು ಬರಿಯ ಹಳತರ ಮೋಹವಲ್ಲ. ಶಕ್ತಿಮೀರಿದ ಹೊರೆ ಬಿದ್ದಾಗ ವಾಲ್ವು ತಟಕ್ಕನೆ ಕೈಚೆಲ್ಲುವುದಿಲ್ಲ. ಸ್ವರದಲೆಯ ನೆತ್ತಿಯನ್ನು ಮೆಲ್ಲನೆ ಅದುಮಿ ದುಂಡಾಗಿಸುತ್ತದೆ. ಆಗ ಮೂಲಸ್ವರದ ಜೊತೆಗೆ ಹಲವು ಉಪಸ್ವರಗಳು ಎದ್ದುಬರುತ್ತವೆ. ತಂಬೂರಿಯ ತಂತಿಯಡಿಯ ನೂಲನ್ನು ಕೂದಲೆಳೆಯಷ್ಟು ಸರಿಸಿ ನಾದವನ್ನು ಅರಳಿಸುವವರಿಗೆ ಈ ಸೂಕ್ಷ್ಮವನ್ನು ವಿವರಿಸಬೇಕಾಗಿಲ್ಲ.

ಲಂಡನ್ನಿನ ಹ್ಯಾನ್‌ವೆಲ್ ಬಡಾವಣೆಯಲ್ಲಿ ಡ್ರಮ್ ಕಲಿಸುತ್ತಿದ್ದ ಜಿಮ್ ಮಾರ್ಷಲ್ 1960ರಲ್ಲಿ ಒಂದು ವಾದ್ಯದಂಗಡಿ ತೆರೆದರು. ಅಮೆರಿಕದ ಫೆಂಡರ್ ವರ್ಧಕಗಳು ಆಗ ಇಂಗ್ಲೆಂಡಿನಲ್ಲಿ ಬಲು ದುಬಾರಿ. 1962ರಲ್ಲಿ ಮಾರ್ಷಲ್, ಕೆನ್ ಬ್ರಾನ್, ಡಡ್ಲಿ ಕ್ರೇವನ್ ಸೇರಿ ಫೆಂಡರಿನ ‘ಬ್ಯಾಸ್‌ಮನ್’ ಮಾದರಿಯನ್ನೇ ಮುಂದಿಟ್ಟುಕೊಂಡು ತಮ್ಮದೊಂದನ್ನು ಕಟ್ಟಿದರು. ನಕಲು ನಕಲಾಗಿ ಉಳಿಯಲಿಲ್ಲ. ಮೊದಲ ವಾಲ್ವು ಬದಲಾಯಿತು: ಫೆಂಡರಿನದು ಸುಮಾರು 44ರ ವರ್ಧನಾಂಕದ್ದು, ಇವರದು 100ರದು. ಹಿಂಬದಿ ತೆರೆದ ಪೆಟ್ಟಿಗೆಯ ನಾಲ್ಕು ಹತ್ತಂಗುಲದ ಸ್ಪೀಕರುಗಳ ಬದಲು ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ಹನ್ನೆರಡಂಗುಲದವು ಕುಳಿತವು. ದನಿ ಬೇಗ ಒಡೆಯಿತು, ದಪ್ಪವಾಯಿತು. 1966ರಲ್ಲಿ ಎರಿಕ್ ಕ್ಲಾಪ್ಟನ್, ಜಾನ್ ಮಯಾಲ್ ಅವರೊಡನೆ ಮಾಡಿದ ಧ್ವನಿಮುದ್ರಿಕೆಯಲ್ಲಿ ಮಾರ್ಷಲ್ ವರ್ಧಕವೊಂದನ್ನು ಏರುದನಿಯಲ್ಲಿ ನುಡಿಸಿದ ಮೇಲೆ ಆ ನಾದಕ್ಕೆ ಲೋಕವೇ ಮಾರುಹೋಯಿತು.

ಬದಲಾವಣೆಗೆ ಬೇಕಾದ ಸಾಮಗ್ರಿ ಮಾತ್ರ ಅಂಗೈಯಲ್ಲಿ ಹಿಡಿಸುವಷ್ಟು. ಮೊದಲ ವಾಲ್ವಿನ ಕೆಥೋಡಿಗೆ ಬೆಸೆದ 25 ಮೈಕ್ರೋಫ್ಯಾರಡ್ ಕಂಡೆನ್ಸರನ್ನು ತೆಗೆದು 0.68ರದನ್ನು ಹಾಕಿದರೆ ಕೆಳಸ್ವರಗಳು ಹಿಂದೆ ಸರಿದು ಮೇಲಿನವು ಮುಂದೆ ನಿಲ್ಲುತ್ತವೆ. ಹಾಗೇಕೆ? ಕೆಳಸ್ವರಗಳು ತುಂಬಿಕೊಂಡು ಒಡೆದರೆ ನಾದ ರಾಡಿಯಾಗುತ್ತದೆ; ಒಡೆಯುವ ಮುನ್ನವೇ ಅವನ್ನು ತಗ್ಗಿಸಬೇಕು. ಕೊನೆಯ ಶಕ್ತಿವಾಲ್ವುಗಳಿಗೆ ಕೊಡುವ ಬಯಾಸ್ ವೋಲ್ಟೇಜಿನದೂ ಇಂಥದೇ ಹದ. ವಾಲ್ವಿನ ಹರಿವನ್ನು ಬಿಗಿಹಿಡಿದರೆ ದನಿ ಒರಟು; ತೀರ ಸಡಿಲಬಿಟ್ಟರೆ ಒಳಗಿನ ಲೋಹದ ತಗಡು ಕೆಂಪಗೆ ಕಾದು ವಾಲ್ವೇ ಸುಟ್ಟೀತು.

ಇಷ್ಟಾದರೂ ಒಂದು ತೊಡಕು. ಒಳ್ಳೆಯ ಒಡಕು ದನಿ ಬೇಕಾದರೆ ವರ್ಧಕವನ್ನು ಗರಿಷ್ಠಕ್ಕೆ ತಿರುಗಿಸಬೇಕು, ನೆರೆಹೊರೆಯವರು ಸುಮ್ಮನಿರುವರೆ! ಕ್ಯಾಲಿಫೋರ್ನಿಯದ ರ್‍ಯಾಂಡಲ್ ಸ್ಮಿತ್ ಮೊದಲು ಫೆಂಡರಿನ ಪುಟ್ಟ ‘ಪ್ರಿನ್ಸ್‌ಟನ್’ ಪೆಟ್ಟಿಗೆಯಲ್ಲಿ ದೊಡ್ಡ ವರ್ಧಕದ ಬಲವನ್ನು ಅಡಗಿಸಿದವರು. 1970ರ ದಶಕದಲ್ಲಿ ತಮ್ಮ ‘ಬೂಗಿ’ ವರ್ಧಕದ ಮೊದಲ ಘಟ್ಟಕ್ಕೆ ಅವರು ಇನ್ನೊಂದು ವಾಲ್ವು ಹಂತವನ್ನು ಪೋಣಿಸಿದರು. ದನಿ ಅಲ್ಲಿಯೇ ಒಡೆಯುತ್ತಿತ್ತು. ಸದ್ದು ಎಷ್ಟಿರಬೇಕೆಂಬುದನ್ನು ಬೇರೊಂದು ತಿರುಗಣೆ ನಿಶ್ಚಯಿಸುತ್ತಿತ್ತು.

ಉತ್ಸಾಹಿ ತರುಣರಿಗೆ ಒಂದು ಎಚ್ಚರಿಕೆ ಸಲ್ಲಬೇಕು. ಈ ಪೆಟ್ಟಿಗೆಗಳೊಳಗೆ 400 ವೋಲ್ಟಿಗೂ ಮಿಕ್ಕ ವಿದ್ಯುತ್ತಿರುವುದುಂಟು. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳು ಅದನ್ನು ಮಡಿಲಲ್ಲಿಟ್ಟುಕೊಂಡಿರುತ್ತವೆ. ಅವನ್ನು ಕ್ರಮವಾಗಿ ಬರಿದುಮಾಡಿ, ಮೀಟರಿನಿಂದ ಅಳೆದು ನೋಡಿದ ಮೇಲೆಯೇ ಬಲ್ಲವರು ಬೆರಳಿಡುವುದು. ಅಳತೆ ಮಾಡುವಾಗಲೂ ಒಂದು ಕೈಯನ್ನು ಜೇಬಿನಲ್ಲಿಯೇ ಇರಿಸಿಕೊಳ್ಳುತ್ತಾರೆ: ವಿದ್ಯುತ್ತು ಒಂದು ಕೈಯಿಂದ ಹೊಕ್ಕು, ಎದೆಯನ್ನು ದಾಟಿ, ಇನ್ನೊಂದರಿಂದ ಹೊರಡಬಾರದೆಂದು.