ಹಾರ್ಮೋನಿಯಂ ನಡೆದು ಬಂದ ದಾರಿ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಭಜನೆಗೆ ಕುಳಿತವರಿಗೆ ಹಾರ್ಮೋನಿಯಂ ಅಪರಿಚಿತವಲ್ಲ. ಒಂದು ಕೈ ತಿದಿಯನ್ನೊತ್ತುತ್ತಿದ್ದರೆ, ಇನ್ನೊಂದು ಕೈಯ ಬೆರಳುಗಳು ಕಪ್ಪು ಬಿಳುಪಿನ ಸ್ವರದ ಮನೆಗಳ ಮೇಲೆ ಓಡಾಡುತ್ತವೆ. ಈ ವಾದ್ಯದ ಪೂರ್ವಜರು ಯೂರೋಪಿನವರೆಂಬುದನ್ನು ನಾವು ಮರೆತೇ ಬಿಟ್ಟಿದ್ದೇವೆ.

ಅಲ್ಲಿನ ಚರ್ಚುಗಳಲ್ಲಿ ಆರ್ಗನ್ ಎಂಬ ಬೃಹತ್ ವಾದ್ಯವಿತ್ತು. ತಿದಿಯ ಗಾಳಿ ಸಾಲು ಕೊಳವೆಗಳೊಳಗೆ ನುಗ್ಗಿ ನಾದವಾಗುತ್ತಿತ್ತು. 16ನೆಯ ಶತಮಾನದ ಇಂಗ್ಲೆಂಡು ಮತಕಲಹದಿಂದ ತತ್ತರಿಸುತ್ತಿದ್ದಾಗ, ಕ್ಯಾಥೊಲಿಕನಾದ ವಿಲಿಯಂ ಬರ್ಡ್ ಪ್ರಾಟೆಸ್ಟೆಂಟ್ ರಾಣಿ ಒಂದನೆಯ ಎಲಿಜಬೆತಳ ಸೇವೆಯಲ್ಲಿದ್ದನು. ಗೃಹಗಳಲ್ಲಿ ನುಡಿಸುವ ವರ್ಜಿನಲ್ ಎಂಬ ತಂತಿವಾದ್ಯಕ್ಕೂ ಆತನು ಕೃತಿಗಳನ್ನು ರಚಿಸಿದನು. ಅವುಗಳಲ್ಲಿ 42 ಕೃತಿಗಳ ಹಸ್ತಪ್ರತಿಯೊಂದು 1591ರಲ್ಲಿ ಸಿದ್ಧವಾಯಿತು. ಮುಂದೆ 1644ರಲ್ಲಿ ಪಾರ್ಲಿಮೆಂಟು ಚರ್ಚುಗಳಿಂದ ಆರ್ಗನ್‌ಗಳನ್ನು ತೆಗೆದುಹಾಕುವಂತೆ ಆಜ್ಞಾಪಿಸಿತು. ಚರ್ಚು ನಿರಾಕರಿಸಿದ ವಾದ್ಯಸಂಗೀತಕ್ಕೆ ಗೃಹಗಳು ಆಶ್ರಯವಿತ್ತವು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಆರ್ಗನ್ ಕೂಡ ಮರಳಿತು.

1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಹಾರ್ಮೋನಿಯಂ ಎಂಬ ಹೆಸರಿನ ವಾದ್ಯವನ್ನು ರೂಪಿಸಿದನು. ಇದರಲ್ಲಿ ಕೊಳವೆಗಳ ಬದಲು ಕಂಪಿಸುವ ಲೋಹದ ನಾಲಗೆಗಳಿದ್ದವು. ಪಾದ್ರಿಗಳ ಜೊತೆ ಭಾರತಕ್ಕೆ ಬಂದ ಈ ವಾದ್ಯವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ನಾಟಕ, ಹರಿಕಥೆ, ಭಜನೆಗಳೆಲ್ಲ ಅದನ್ನು ತಮ್ಮದಾಗಿಸಿಕೊಂಡವು.

ಆದರೆ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ಮನೆಯಿಂದ ಮನೆಗೆ ಜಿಗಿಯುವ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಮೂಡದು ಎಂಬುದು ವಿಮರ್ಶಕರ ಆಕ್ಷೇಪ. ಆ ನಿರ್ಬಂಧ ಸಡಿಲಗೊಂಡುದು 1971ರಲ್ಲಿ.

ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ನಂಜನಗೂಡಿನಿಂದ ಹರಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಊರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ನುಡಿಸಿ ಕೀರ್ತಿವಂತರಾದರು. ಪಿಟೀಲೂ ಯೂರೋಪಿನದೇ, ಆದರೆ ಅದರ ತಂತಿಯ ಮೇಲೆ ಮನೆಗಳಿಲ್ಲ, ಬೆರಳು ಸ್ವೇಚ್ಛೆಯಾಗಿ ಜಾರಬಲ್ಲುದು. ಆದ್ದರಿಂದಲೇ ಕಚೇರಿಯ ವೇದಿಕೆ ಅದಕ್ಕೆ ಒಲಿಯಿತು. ಹಾರ್ಮೋನಿಯಮ್ಮಿನ ಸ್ವರವಾದರೋ ಅಲುಗದೆ ನಿಲ್ಲುತ್ತದೆ. ಕಚೇರಿಯಲ್ಲಿ ಕೊರತೆಯೆನಿಸಿದ ಈ ಗುಣವೇ ಭಜನೆಯಲ್ಲಿ ವರವಾಯಿತು: ಸಂಗೀತ ಕಲಿಯದ ನೂರು ಕಂಠಗಳನ್ನು ಅದು ಒಂದೇ ಶ್ರುತಿಯಲ್ಲಿ ನಿಲ್ಲಿಸಬಲ್ಲುದು.

ವಾದ್ಯವನ್ನು ಅದರ ಹುಟ್ಟೂರಿನಿಂದಾಗಲಿ, ಮೊದಲು ಕೈಯಲ್ಲಿ ಹಿಡಿದವರ ಮತದಿಂದಾಗಲಿ ಅಳೆಯಲಾಗದು. ಅದು ಏನನ್ನು ನುಡಿಯಬಲ್ಲುದು, ಏನನ್ನು ನುಡಿಯಲಾರದು ಎಂಬುದನ್ನು ಕಿವಿಗೊಟ್ಟು ಕೇಳಿದವರಷ್ಟೇ ಅದಕ್ಕೆ ತಕ್ಕ ಸ್ಥಾನವನ್ನು ಕೊಡಬಲ್ಲರು.