ಆರ್‌ಎಕ್ಸ್ 100 ಹೆಡ್ ಗ್ಯಾಸ್ಕೆಟ್ ಪದೇ ಪದೇ ಹೋಗ್ತಿದೆಯಾ? ಹೆಡ್ ಸಮವಾಗಿದೆಯಾ ನೋಡಿ

ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ. ಆದರೂ ಅದನ್ನು ಮನೆಮಗನಂತೆ ಸಾಕುತ್ತಿರುವವರು ಇನ್ನೂ ಇದ್ದಾರೆ. ಕಿಕ್ಕರ್‌ನಲ್ಲಿ ಮೊದಲಿನ ಬಿಗಿ ಇಲ್ಲ, ಪಿಕಪ್ ಇಲ್ಲ, ಹೆಡ್ ಮತ್ತು ಸಿಲಿಂಡರ್ ಕೂಡುವಲ್ಲಿ ಕಪ್ಪು ಎಣ್ಣೆ ಜಿನುಗಿದೆ ಎಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಅಲ್ಲಿಗೆ ಸೋಪು ನೀರು ಸವರಿ ಕಿಕ್ ಹೊಡೆಯಿರಿ, ಲೀಕ್ ಇದ್ದರೆ ಗುಳ್ಳೆ ಏಳುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿದ ಮೇಲೂ ಮತ್ತೆ ಲೀಕ್ ಆದರೆ ತಪ್ಪು ಗ್ಯಾಸ್ಕೆಟ್‌ನದ್ದಲ್ಲದೇ ಇರಬಹುದು. ಅತಿಯಾದ ಬಿಸಿಗೋ, ನಟ್‌ಗಳನ್ನು ಹೆಚ್ಚುಕಮ್ಮಿ ಬಿಗಿದಿದ್ದಕ್ಕೋ ಅಲ್ಯೂಮಿನಿಯಂ ಹೆಡ್ ಕೊಂಚ ಬಾಗಿರುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ಬಿಚ್ಚಿ, ಕಾರ್ಬನ್ ತೆಗೆದು, ಗ್ಯಾಸ್ಕೆಟ್ ಕೂರುವ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಹೆಡ್ ಅನ್ನು 8ರ ಆಕಾರದಲ್ಲಿ ಉಜ್ಜಿ. ಆಗಾಗ ತಿರುಗಿಸಿ ಹಿಡಿಯದಿದ್ದರೆ ಕೈಭಾರ ಬಿದ್ದ ಕಡೆಯೇ ಹೆಚ್ಚು ಸವೆಯುತ್ತದೆ. ಗೆರೆ ಅಳಿಯದ ಕಡೆ ತಗ್ಗಿದೆ ಎಂದರ್ಥ. ಎಲ್ಲ ಗೆರೆ ಅಳಿದೊಡನೆ ನಿಲ್ಲಿಸಿ.

'ಇನ್ನೂ ಸ್ವಲ್ಪ ತೆಗೆದ್ರೆ ಪವರ್ ಜಾಸ್ತಿ' ಎನ್ನುವವರ ಮಾತಿಗೆ ಮರುಳಾಗಬೇಡಿ. ಹೆಡ್ ಸವೆದಷ್ಟೂ ಕಂಪ್ರೆಷನ್ ಏರುತ್ತದೆ, ಎಂಜಿನ್ ನಾಕ್ ಹೊಡೆಯುತ್ತದೆ, ಕಡೆಗೆ ಪಿಸ್ಟನ್‌ಗೇ ತೂತು ಬೀಳಬಹುದು. ಉಜ್ಜಿದರೆ ಹೋಗದಷ್ಟು ಆಳದ ಗುಂಡಿ ಇದ್ದರೆ ಬೇರೆ ಹೆಡ್ ಹುಡುಕುವುದೇ ವಾಸಿ.

ಜೋಡಿಸುವ ಮುನ್ನ ಪುಡಿ ಒಂದಿಷ್ಟೂ ಉಳಿಯದಂತೆ ತೊಳೆಯಿರಿ, ಹಳೇ ಗ್ಯಾಸ್ಕೆಟ್ ಎಸೆಯಿರಿ. ನಾಲ್ಕು ನಟ್‌ಗಳನ್ನು ಮೂಲೆಗೆ ಮೂಲೆ ಎದುರಾಗಿ, ಎರಡು–ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ.