ಲಯವನ್ನು ಅಳೆಯೋಣ, ಹಾಡಿನ ಮೂಲವನ್ನೂ ಹೇಳೋಣ

ಒಂಬತ್ತನೇ ತರಗತಿಯ ‘ಶಬ್ದ’ ಘಟಕದಲ್ಲಿ ವಿದ್ಯಾರ್ಥಿಗಳಿಗೆ ಒಂದು ಗೊಂದಲ ಉಂಟಾಗಬಹುದು: ಹಾಡು ವೇಗವಾದರೆ ಸ್ವರವೂ ಏರಲೇಬೇಕೆಂಬ ಭಾವನೆ. ಇದನ್ನು ಬಿಡಿಸಲು ಸ್ವೀಡನ್ನಿನ ರೆಡ್‌ನೆಕ್ಸ್ ತಂಡ 1994ರಲ್ಲಿ ಹೊರತಂದ ‘ಕಾಟನ್ ಐ ಜೋ’ ಒಳ್ಳೆಯ ಬೋಧನಾ ಸಾಮಗ್ರಿ. ಹಳೆಯ ಅಮೆರಿಕನ್ ಜಾನಪದ ಧಾಟಿಗೆ ಎಲೆಕ್ಟ್ರಾನಿಕ್ ಡ್ರಮ್ ಸೇರಿಸಿದ ಈ ಯೂರೋಡಾನ್ಸ್ ಹಾಡು 1995ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು.

ಚಟುವಟಿಕೆ ಸರಳ. ಹಾಡನ್ನು ಕೇಳಿಸಿ, 15 ಸೆಕೆಂಡಿನಲ್ಲಿ ಎಷ್ಟು ಬಡಿತಗಳೆಂದು ಎಣಿಸಲು ಹೇಳಿ. ಸುಮಾರು 33 ಬರುತ್ತದೆ. ಅಂದರೆ ನಿಮಿಷಕ್ಕೆ 132. ಅದನ್ನು 60ರಿಂದ ಭಾಗಿಸಿದರೆ ಆವೃತ್ತಿ 2.2 ಹರ್ಟ್ಸ್, ಎರಡು ಬಡಿತಗಳ ನಡುವಿನ ಕಾಲಾವಧಿ ಸುಮಾರು 0.45 ಸೆಕೆಂಡ್. ನಮ್ಮ ಕಿವಿಗೆ ಕೇಳುವ ಶಬ್ದದ ಕನಿಷ್ಠ ಆವೃತ್ತಿ 20 ಹರ್ಟ್ಸ್. ಆದ್ದರಿಂದ 2.2 ಹರ್ಟ್ಸ್ ನಮಗೆ ಸ್ವರವಾಗಿ ಕೇಳದು, ಲಯವಾಗಿ ಎಣಿಕೆಗೆ ಸಿಗುತ್ತದೆ. ಸ್ವರವನ್ನು ನಿರ್ಧರಿಸುವುದು ತಂತಿಯ ಕಂಪನ. ತಂತಿಯ ಉದ್ದ, ಬಿಗಿತ, ದಪ್ಪ ಬದಲಾದರೆ ಸ್ವರ ಬದಲಾಗುತ್ತದೆ; ಬೇಗ ಬೇಗ ಮೀಟಿದ ಮಾತ್ರಕ್ಕೆ ಅಲ್ಲ. ಹಳೆಯ ಟೇಪನ್ನು ವೇಗವಾಗಿ ಓಡಿಸಿದರೆ ಎರಡೂ ಏರುತ್ತಿದ್ದವು. ಮಕ್ಕಳ ಗೊಂದಲಕ್ಕೆ ಆಧಾರವಿಲ್ಲದಿಲ್ಲ ಎಂಬುದನ್ನೂ ಹೇಳಬೇಕು.

ಈ ಹಾಡಿನಲ್ಲಿ ಕೇಳುವ ತಂತಿವಾದ್ಯಗಳಲ್ಲಿ ಬ್ಯಾಂಜೊ ಒಂದು. ಪಾಠ ಮುಂದುವರಿಯಬೇಕಾದದ್ದು ಇಲ್ಲಿಂದಲೇ. ಬ್ಯಾಂಜೊದ ಮೂಲ, ಗುಲಾಮರಾಗಿ ಅಮೆರಿಕಕ್ಕೆ ಒಯ್ಯಲ್ಪಟ್ಟ ಪಶ್ಚಿಮ ಆಫ್ರಿಕನ್ನರ ವಾದ್ಯಗಳು. ಹಾಡೂ ಅವರ ಬದುಕಿಗೆ ಸೇರಿದ್ದೇ. 1861ರ ಅಂತರ್ಯುದ್ಧಕ್ಕೂ ಮೊದಲೇ ದಕ್ಷಿಣದ ತೋಟಗಳಲ್ಲಿ ಕಪ್ಪು ಜನರು ಇದನ್ನು ಹಾಡುತ್ತಿದ್ದರು. ಅಲಬಾಮಾದ ಲೇಖಕಿ ಲೂಯಿಸ್ ಕ್ಲಾರ್ಕ್ ಪಿರ್ನೆಲ್ 1882ರ ತಮ್ಮ ಪುಸ್ತಕದಲ್ಲಿ ಇದರ ಒಂದು ಪಾಠಾಂತರವನ್ನು ಮುದ್ರಿಸಿದರು. ರೆಡ್‌ನೆಕ್ಸ್ ತಂಡದವರಾದರೋ ಅಮೆರಿಕದ ಬಿಳಿಯ ಹಳ್ಳಿಗರ ವೇಷ ತೊಟ್ಟು, ಅದನ್ನು ತಮಾಷೆಯಾಗಿಸಿದರು. ಧಾಟಿ ಉಳಿಯಿತು, ಅದನ್ನು ಕಟ್ಟಿದವರು ಕಾಣೆಯಾದರು.

ವಿಜ್ಞಾನದ ಅವಧಿಯಲ್ಲಿ ಇತಿಹಾಸವೇಕೆ ಎಂದು ಕೇಳಬಹುದು. ಎರಡು ನಿಮಿಷ ಸಾಕು. ಮಕ್ಕಳು ಕುಣಿದು ಎಣಿಸಿದ ಲಯದ ಹಿಂದೆ ನೊಂದವರ ಬದುಕಿದೆ ಎಂದು ತಿಳಿಸದೆ ಹಾಡನ್ನು ಬಳಸಿದರೆ, ನಾವೂ ಆ ಮರೆವಿಗೆ ಕೈಜೋಡಿಸಿದಂತೆ. ಪಾಠಯೋಜನೆಯ ‘ಮೌಲ್ಯ’ ಎಂಬ ಅಂಕಣದಲ್ಲಿ ‘ಸಹಕಾರ, ಶಿಸ್ತು’ ಎಂದಷ್ಟೇ ಬರೆಯುವ ಬದಲು ಇದನ್ನು ಬರೆಯೋಣ. ಮೌಲ್ಯಮಾಪನಕ್ಕೆ ಎರಡು ಪ್ರಶ್ನೆಗಳಿರಲಿ: ಈ ಹಾಡಿನ ಬಡಿತದ ಆವೃತ್ತಿ ಎಷ್ಟು? ಈ ಹಾಡು ಮೊದಲು ಯಾರದಾಗಿತ್ತು?